ಸಂಬಳ ಇಬ್ಬರದು, ಅಡುಗೆಮನೆ ಒಬ್ಬರದು

ಮಂಗಳೂರಿನ ಹೆಂಗಸರು ಕೂಲಿಗೆ, ಸಂಬಳಕ್ಕೆ ದುಡಿಯಲು ತೊಡಗಿ ಒಂದೂವರೆ ಶತಮಾನ ದಾಟಿದೆ. 1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿಯ ದಂಡೆಯಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮಣ್ಣು ಹೊರುವುದಕ್ಕೂ ಹಸಿ ಹೆಂಚು ಒಣಹಾಕುವುದಕ್ಕೂ ಹೆಣ್ಣಾಳುಗಳೇ ಬೇಕಾದರು. ಹೆಂಚಿನ ಬೆನ್ನಿಗೆ ಗೇರುಬೀಜದ ಕಾರ್ಖಾನೆಗಳು ಬಂದವು, ಬೀಡಿ ಬಂತು. ಶಾಲೆ, ಆಸ್ಪತ್ರೆ, ಬ್ಯಾಂಕುಗಳು ಬಂದವು. ಕೊನೆಗೆ ಕೊಟ್ಟಾರ, ಮುಡಿಪುಗಳಿಗೆ ಸಾಫ್ಟ್‌ವೇರ್ ಕಂಪನಿಯೂ ಬಂತು. ಹೆಣ್ಣುಮಕ್ಕಳು ಈಗೀಗ ಕೆಲಸಕ್ಕೆ ಹೋಗತೊಡಗಿದ್ದಾರೆ ಎಂಬ ಮಾತು ಆದ್ದರಿಂದ ಈ ಊರಿಗೆ ಹೊಂದುವುದಿಲ್ಲ. ಇಲ್ಲಿ ಕೆಲಸದ ಬಗೆ ಬದಲಾಗಿದೆ, ಜಾಗ ಬದಲಾಗಿದೆ, ಸಂಬಳ ಏರಿದೆ. ಮನೆಯೊಳಗಿನ ಕೆಲಸದ ಪಾಲು ಮಾತ್ರ ಅಜ್ಜಿಯ ಕಾಲದಲ್ಲಿ ಯಾರ ಲೆಕ್ಕಕ್ಕಿತ್ತೋ ಬಹುಮಟ್ಟಿಗೆ ಅವರ ಲೆಕ್ಕದಲ್ಲೇ ಇದೆ.

ಕರಾವಳಿಯ ಹೆಣ್ಣಿನ ಮಾತು ಬಂದಾಗಲೆಲ್ಲ ಅಳಿಯಸಂತಾನದ ಪ್ರಸ್ತಾಪ ಬರುತ್ತದೆ. ಬಂಟರು, ಬಿಲ್ಲವರು, ಮೊಗವೀರರು ಸೇರಿದಂತೆ ತುಳುನಾಡಿನ ಹಲವು ಸಮುದಾಯಗಳಲ್ಲಿ ವಂಶವೂ ಆಸ್ತಿಯೂ ತಾಯಿಯ ಕಡೆಯಿಂದ ಸಾಗುತ್ತಿದ್ದ ಪದ್ಧತಿ ಅದು. ಮದುವೆಯಾಗಿ ಹೋದವಳಿಗೂ ತಾಯಿಮನೆಯ ಹಕ್ಕು ತಪ್ಪುತ್ತಿರಲಿಲ್ಲ. ಗಂಡನ ಮನೆ ಒಗ್ಗದಿದ್ದರೆ ಮರಳಿ ಬಂದು ತಲೆಯೆತ್ತಿಯೇ ಬದುಕಬಹುದಿತ್ತು. ವಿಧವೆಯ ಮರುಮದುವೆಗೆ ಅಡ್ಡಿಯಿರಲಿಲ್ಲ. ಕುಟುಂಬದ ಹಿರಿಯಳು ಯಜಮಾನ್ತಿಯಾಗುವುದಕ್ಕೂ ಅವಕಾಶವಿತ್ತು, ಆದರೆ ವ್ಯವಹಾರ ನಡೆಸುತ್ತಿದ್ದವನು ಹೆಚ್ಚಾಗಿ ಸೋದರಮಾವನೇ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕುಟುಂಬದ ಆಸ್ತಿ ಪಾಲಾಗಲು ದಾರಿ ಮಾಡಿತು; 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ಪದ್ಧತಿಯ ಬಿಗಿ ಮತ್ತಷ್ಟು ಸಡಿಲವಾಯಿತು. ಕುಟುಂಬದ ಮೂಲಮನೆಯಾದ ತರವಾಡು ಇಂದು ಬಹುತೇಕರಿಗೆ ವರ್ಷಕ್ಕೊಮ್ಮೆ ದೈವದ ಕಾರ್ಯಕ್ಕೆ ಸೇರುವ ಜಾಗ. ಹಾಗಿದ್ದೂ ಆ ಪದ್ಧತಿಯ ಒಂದು ಎಳೆ ಉಳಿದುಕೊಂಡಿದೆ: ಮಂಗಳೂರಿನ ಹೆಣ್ಣು ಕಷ್ಟ ಬಂದಾಗ ಮೊದಲು ನೋಡುವುದು ತಾಯಿಮನೆಯ ಕಡೆಗೆ, ಮತ್ತು ಅದನ್ನು ಯಾರೂ ಕೊರತೆಯೆಂದು ಎಣಿಸುವುದಿಲ್ಲ. ಅಳಿಯಸಂತಾನದಲ್ಲಿ ಹೆಣ್ಣು ರಾಣಿಯಂತಿದ್ದಳು ಎನ್ನುವವರು ಒಂದನ್ನು ಮರೆಯುತ್ತಾರೆ. ಆಸ್ತಿ ತಾಯಿಯ ಕಡೆಯಿಂದ ಬಂತು ನಿಜ, ಅಡುಗೆ ತಂದೆಯ ಕಡೆಗೆ ಹೋಗಲಿಲ್ಲ.

ಈ ಊರಿನ ಹೆಂಗಸರ ದುಡಿಮೆಯನ್ನು ಅರಿಯಲು ಬೀಡಿಗಿಂತ ಒಳ್ಳೆಯ ದಾರಿ ಇಲ್ಲ. 1930ರಲ್ಲಿ ಭಾರತ್ ಬೀಡಿ, 1939ರಲ್ಲಿ ಗಣೇಶ್ ಬೀಡಿ ಶುರುವಾದವು. ಇನ್ನೂ ಹಲವು ಕಂಪನಿಗಳು ಸೇರಿ ಜಿಲ್ಲೆಯನ್ನು ದೇಶದ ದೊಡ್ಡ ಬೀಡಿ ಕೇಂದ್ರಗಳಲ್ಲಿ ಒಂದಾಗಿ ಮಾಡಿದವು. ತೆಂಡು ಎಲೆ ಬರುವುದು ಮಧ್ಯ ಭಾರತದ ಕಾಡುಗಳಿಂದ, ಹೊಗೆಸೊಪ್ಪು ಬರುವುದು ಹೊರ ಊರುಗಳಿಂದ. ಇಲ್ಲಿ ಸಿಗುತ್ತಿದ್ದದ್ದು ಹೆಂಗಸರ ಕೈ. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂದು ಕಾರ್ಖಾನೆಗಳಿಗೆ ನಿಯಮ ಬಿಗಿಯಾದಂತೆ ಕೆಲಸ ಹೆಚ್ಚುಹೆಚ್ಚಾಗಿ ಗುತ್ತಿಗೆದಾರರ ಮೂಲಕ ಮನೆಗಳಿಗೆ ಸರಿಯಿತು.

ಬೀಡಿ ಕಟ್ಟುವವಳ ದಿನ ಹಿಂದಿನ ರಾತ್ರಿಯೇ ಶುರುವಾಗುತ್ತದೆ. ಗುತ್ತಿಗೆದಾರನ ಬ್ರಾಂಚಿನಿಂದ ತಂದ ಎಲೆಯನ್ನು ನೀರಿನಲ್ಲಿ ನೆನೆಸಿ, ಮೆದುವಾಗಲು ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ಬೆಳಗ್ಗೆ ಗಂಜಿ–ಚಟ್ನಿ ಮಾಡಿ, ಮಕ್ಕಳನ್ನು ಶಾಲೆಗೆ ಕಳಿಸಿದ ಮೇಲೆ ಎಲೆಯ ಮೇಲೆ ತಗಡಿನ ಅಳತೆ ಇಟ್ಟು ಕತ್ತರಿಯಿಂದ ಒಂದೇ ಗಾತ್ರಕ್ಕೆ ಕತ್ತರಿಸುವುದು. ಆಮೇಲೆ ಮಡಿಲಲ್ಲಿ ತಡಪೆ, ಅಂದರೆ ಮೊರ. ಚಿಟಿಕೆ ಹೊಗೆಸೊಪ್ಪು ಉದುರಿಸಿ, ಎಲೆ ಸುರುಳಿ ಸುತ್ತಿ, ಬಾಯಿಯನ್ನು ಉಗುರಿನಿಂದ ಒಳಕ್ಕೆ ಮಡಚಿ, ನೂಲು ಬಿಗಿದರೆ ಒಂದು ಬೀಡಿ. ಲೆಕ್ಕ ನಡೆಯುವುದು ಸಾವಿರಕ್ಕೆ ಇಷ್ಟು ಎಂದು. ನಡುವೆ ಏಳುವುದು ಅನ್ನ ಬಸಿಯುವುದಕ್ಕೆ, ದನಕ್ಕೆ ಹುಲ್ಲು ಹಾಕುವುದಕ್ಕೆ, ಮಳೆ ಬಂದರೆ ಬಟ್ಟೆ ತೆಗೆಯುವುದಕ್ಕೆ. ಮಧ್ಯಾಹ್ನದ ಹೊತ್ತು ಅಕ್ಕಪಕ್ಕದವರು ಒಂದೇ ಜಗಲಿಯಲ್ಲಿ ಸೇರಿ ಕಟ್ಟುವುದುಂಟು. ಊರಿನ ಸುದ್ದಿಯೆಲ್ಲ ಹಂಚಿಕೆಯಾಗುವುದು ಅಲ್ಲೇ. ಸಂಜೆ ಕಟ್ಟುಗಳನ್ನು ಎಣಿಸಿ ಬ್ರಾಂಚಿಗೆ ಒಯ್ದಾಗ ಸರಿಯಿಲ್ಲವೆಂದು ಒಂದಿಷ್ಟನ್ನು ತೆಗೆದುಹಾಕಿದರೆ ಆ ನಷ್ಟ ಕಟ್ಟಿದವಳದು. ಕೊಟ್ಟ ಎಲೆ ಸಾಲದೆ ಹೋದರೆ ಕೈಯಿಂದ ದುಡ್ಡು ಹಾಕಿ ಎಲೆ ಕೊಳ್ಳಬೇಕಾದದ್ದೂ ಇದೆ.

ಈ ಕೂಲಿ ಚಿಕ್ಕದು, ಆದರೆ ಅದು ಮಾಡಿದ ಕೆಲಸ ಚಿಕ್ಕದಲ್ಲ. ತನ್ನ ಮದುವೆಯ ಚಿನ್ನವನ್ನು ತಾನೇ ಬೀಡಿ ಕಟ್ಟಿ ಮಾಡಿಸಿಕೊಂಡ ಹುಡುಗಿಯರು, ತಮ್ಮನನ್ನು ಕಾಲೇಜು ಓದಿಸಿದ ಅಕ್ಕಂದಿರು, ಗಂಡನ ಕುಡಿತದ ನಡುವೆಯೂ ಮನೆಗೆ ಹೆಂಚು ಹಾಕಿಸಿದ ತಾಯಂದಿರು ಜಿಲ್ಲೆಯ ಹಳ್ಳಿಹಳ್ಳಿಯಲ್ಲಿ ಇದ್ದಾರೆ. ಹೆಣ್ಣು ನೋಡಲು ಹೋದಾಗ ಬೀಡಿ ಕಟ್ಟಲು ಗೊತ್ತಿದೆಯೇ ಎಂದು ವಿಚಾರಿಸುವುದು ಒಂದು ಕಾಲಕ್ಕೆ ವಿಶೇಷವೇನೂ ಆಗಿರಲಿಲ್ಲ. ಮನೆಯಲ್ಲಿ ಕಟ್ಟುವವರಿಗೂ ಭವಿಷ್ಯನಿಧಿ ಸಲ್ಲಬೇಕೆಂದು 1985ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ್ದರಿಂದ ಪಿಎಫ್ ಎಂಬ ಎರಡಕ್ಷರದ ಪರಿಚಯ ಇಲ್ಲಿನ ಅನೇಕ ಮನೆಗಳಿಗೆ ಆದದ್ದು ಅಮ್ಮನ ಬೀಡಿಯಿಂದಲೇ. ಇಷ್ಟಾದರೂ "ಮನೆಯಲ್ಲೇ ಕೂತು ನಾಲ್ಕು ಬೀಡಿ ಕಟ್ಟುತ್ತಾಳೆ" ಎಂದೇ ಜನ ಹೇಳಿದರು. ಮನೆಯಲ್ಲಿದ್ದುಕೊಂಡು ಮಾಡಿದ್ದರಿಂದ ಅದು ಕೆಲಸವೆನಿಸಲಿಲ್ಲ. ಕೆಲಸವೆನಿಸದ್ದರಿಂದ ಅಡುಗೆ, ಕಸ, ಮುಸುರೆ ಯಾವುದರಲ್ಲೂ ಅವಳಿಗೆ ರಿಯಾಯಿತಿ ಸಿಗಲಿಲ್ಲ. ಐಟಿ ಕಂಪನಿಗಳವರು ಕೋವಿಡ್ ಕಾಲದಲ್ಲಿ ವರ್ಕ್ ಫ್ರಂ ಹೋಮ್ ಎಂದು ಹೊಸದಾಗಿ ಕಂಡದ್ದನ್ನು ಬಂಟ್ವಾಳದ, ಉಳ್ಳಾಲದ ಬೀಡಿ ಹೆಂಗಸರು ಅರ್ಧ ಶತಮಾನದ ಹಿಂದೆಯೇ ಕಂಡಿದ್ದರು.

ಈಗ ಬೀಡಿಯ ಕಾಲ ಇಳಿಯುತ್ತಿದೆ. 2003ರ ತಂಬಾಕು ನಿಯಂತ್ರಣ ಕಾಯ್ದೆ, 2016ರಿಂದ ಪೊಟ್ಟಣದ ಶೇ 85ರಷ್ಟು ಜಾಗವನ್ನು ಆವರಿಸುವ ಎಚ್ಚರಿಕೆ ಚಿತ್ರ, 2017ರಲ್ಲಿ ಬೀಡಿಯ ಮೇಲೆ ಬಿದ್ದ ಶೇ 28ರ ಜಿಎಸ್‌ಟಿ ಎಲ್ಲವೂ ಸೇರಿ ವ್ಯಾಪಾರ ಕುಗ್ಗಿತು. ವಾರವಿಡೀ ಕೆಲಸ ಕೊಡುತ್ತಿದ್ದ ಬ್ರಾಂಚು ಕೆಲವೇ ದಿನ ಕೊಡುವಂತಾಯಿತು. ಆರೋಗ್ಯದ ದೃಷ್ಟಿಯಿಂದ ಬೀಡಿ ಕಡಿಮೆಯಾದದ್ದು ಒಳ್ಳೆಯದೇ. ಸೇದುವವನಿಗೂ, ದಿನವಿಡೀ ಹೊಗೆಸೊಪ್ಪಿನ ಹುಡಿ ಉಸಿರಾಡುವವಳಿಗೂ. ಆದರೆ ಐವತ್ತು ದಾಟಿದವಳಿಗೆ ಮನೆಯಂಗಳದಲ್ಲಿ ಸಿಗುವ ಬೇರೆ ಕೆಲಸ ಯಾವುದೆಂಬ ಪ್ರಶ್ನೆಗೆ ಉತ್ತರ ಬಂದಿಲ್ಲ. ಅವಳ ಮಗಳು ಬೀಡಿ ಮುಟ್ಟುವುದಿಲ್ಲ. ಅವಳು ಹಂಪನಕಟ್ಟೆಯ ಬಟ್ಟೆ ಅಂಗಡಿಯಲ್ಲಿದ್ದಾಳೆ, ದೇರಳಕಟ್ಟೆಯ ಆಸ್ಪತ್ರೆಯಲ್ಲಿದ್ದಾಳೆ, ಇಲ್ಲವೇ ಬೈಕಂಪಾಡಿಯ ಪ್ಯಾಕಿಂಗ್ ವಿಭಾಗದಲ್ಲಿದ್ದಾಳೆ.

ಮೀನಿನ ವ್ಯಾಪಾರದ್ದು ಬೇರೆ ಕತೆ. ಮೊಗವೀರ ಹೆಂಗಸರು ಕೋಳಿ ಕೂಗುವ ಮೊದಲೇ ಬಂದರಿನ ದಕ್ಕೆಗೆ ಬಂದು, ಏಲಂನಲ್ಲಿ ಮೀನು ಹಿಡಿದು, ಮಾರುಕಟ್ಟೆಗೋ ಮನೆಮನೆಗೋ ಒಯ್ಯುತ್ತಾರೆ. ಗಂಡಸರು ಕಡಲಿಗೆ ಹೋಗುವುದರಿಂದ ದಡದ ಲೆಕ್ಕಾಚಾರ ಹೆಂಗಸರ ಕೈಯಲ್ಲಿ ಉಳಿಯಿತು. ಮನೆಯ ದುಡ್ಡಿನ ಮೇಲೆ ಅವರಿಗಿರುವ ಹಿಡಿತ ಬ್ಯಾಂಕಿನ ಎಷ್ಟೋ ಉದ್ಯೋಗಸ್ಥೆಯರಿಗೂ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವಾಗ ಒಣಮೀನೇ ಆಸರೆ. ಸಂಬಳದ ಕೆಲಸವೇ ಹೆಣ್ಣಿಗೆ ಮಾತಿನ ಬಲ ಕೊಡುತ್ತದೆ ಎಂಬ ನಂಬಿಕೆಯನ್ನು ಈ ಹೆಂಗಸರ ಬಾಯಿ ಮುಂದೆ ಇಟ್ಟು ನೋಡಬೇಕು.

ಓದಿದ ಹೆಣ್ಣಿನ ಉದ್ಯೋಗ ಇಲ್ಲಿ ಕಾನ್ವೆಂಟಿನಿಂದ ಹುಟ್ಟಿತು. 1870ರಲ್ಲಿ ಬಂದ ಅಪೋಸ್ತಲಿಕ್ ಕಾರ್ಮೆಲ್ ಸಂನ್ಯಾಸಿನಿಯರು ಸೇಂಟ್ ಆನ್ಸ್ ಶಾಲೆ ನಡೆಸಿದರು. 1921ರಲ್ಲಿ ಅದೇ ಸಭೆಯಿಂದ ಬೆಂದೂರಿನ ಸೇಂಟ್ ಆಗ್ನೆಸ್ ಕಾಲೇಜು ಬಂತು. ಅಮ್ಮೆಂಬಳ ಸುಬ್ಬರಾವ್ ಪೈಗಳು 1894ರಲ್ಲೇ ಕೆನರಾ ಹೆಣ್ಣುಮಕ್ಕಳ ಶಾಲೆ ಆರಂಭಿಸಿದ್ದರು. 1880ರಲ್ಲಿ ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಆರಂಭಿಸಿದ ಔಷಧಾಲಯ ಆಸ್ಪತ್ರೆಯಾಗಿ ಬೆಳೆದು ನರ್ಸಿಂಗನ್ನು ಗೌರವದ ವೃತ್ತಿಯಾಗಿಸಿತು. ಟೀಚರ್, ನರ್ಸ್: ಮೊದಲ ಎರಡು ತಲೆಮಾರಿಗೆ ಇವೇ ಎರಡು ಬಾಗಿಲು. ಆ ಬಾಗಿಲಲ್ಲಿ ಮೊದಲು ಕಂಡವರಲ್ಲಿ ಸಂನ್ಯಾಸಿನಿಯರು ಅನೇಕರಿದ್ದುದರಿಂದ ಕೆಲಸ–ಮದುವೆಗಳ ತಿಕ್ಕಾಟ ಹೆಚ್ಚು ಕಾಣಲಿಲ್ಲ. ಬೇರೆ ಕಡೆ ಓದೇ ಮದುವೆಗೆ ಶರಣಾಗುತ್ತಿತ್ತು. ಕಾಸರಗೋಡಿನಲ್ಲಿ ಹೈಸ್ಕೂಲು ಮುಗಿಸಿದ ಮೊದಮೊದಲ ಮುಸ್ಲಿಂ ಹುಡುಗಿಯರಲ್ಲಿ ಒಬ್ಬರಾದ ಸಾರಾ ಅಬೂಬಕ್ಕರ್ ಅವರಿಗೂ ಆ ಮೇಲೆ ಮದುವೆಯೇ ಎದುರಾಯಿತು. ಅವರು ಬರೆಯಲು ತೊಡಗಿದ್ದು ಮಕ್ಕಳು ಬೆಳೆದ ಮೇಲೆ. 'ಚಂದ್ರಗಿರಿಯ ತೀರದಲ್ಲಿ' ಪುಸ್ತಕವಾಗಿ ಬಂದಾಗ, 1984ರಲ್ಲಿ, ಅವರಿಗೆ ಐವತ್ತರ ಹತ್ತಿರ.

ಮಧ್ಯಮವರ್ಗದ ಮನೆಗಳ ಚಿತ್ರ ಬದಲಿಸಿದ್ದು ಬ್ಯಾಂಕು. ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಐದೂ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಹುಟ್ಟಿದವು. ಮಣಿಪಾಲದ ಸಿಂಡಿಕೇಟ್ ಬ್ಯಾಂಕು 1962ರಲ್ಲಿ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಸಂಪೂರ್ಣ ಮಹಿಳೆಯರೇ ನಡೆಸುವ ಶಾಖೆ ತೆರೆಯಿತು. ಆ ದಿನಗಳಲ್ಲಿ ಮದುವೆಯೇ ಹೆಣ್ಣಿನ ನೌಕರಿಗೆ ಮುಳುವಾಗುವ ನಿಯಮಗಳು ಸರ್ಕಾರದಲ್ಲೇ ಇದ್ದವು: ವಿದೇಶಾಂಗ ಸೇವೆಯ ಮಹಿಳಾ ಅಧಿಕಾರಿ ಮದುವೆಗೆ ಲಿಖಿತ ಅನುಮತಿ ಪಡೆಯಬೇಕಿತ್ತು, ಸಂಸಾರ ಕೆಲಸಕ್ಕೆ ಅಡ್ಡಿಯೆಂದು ಕಂಡರೆ ರಾಜೀನಾಮೆ ಕೇಳಬಹುದಿತ್ತು. ಕೊಡಗಿನವರಾದ ಸಿ.ಬಿ. ಮುತ್ತಮ್ಮ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಮೇಲೆ, 1979ರಲ್ಲಿ, ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ಮನೋಭಾವವನ್ನು ತೀವ್ರವಾಗಿ ಟೀಕಿಸಿದರು.

ರಾಷ್ಟ್ರೀಕರಣ, ಪರೀಕ್ಷೆಯ ಮೂಲಕ ನೇಮಕ, ಹತ್ತರಿಂದ ಐದರ ಹೊತ್ತು, ಪಿಂಚಣಿ, ಮನೆ ಸಾಲ: ಬ್ಯಾಂಕಿನ ಹುಡುಗಿಗೆ ಮದುವೆಯ ಮಾರುಕಟ್ಟೆಯಲ್ಲಿ ಬೆಲೆ ಬಂತು. ತೊಡಕು ಬಂದದ್ದು ಬಡ್ತಿಯಲ್ಲಿ. ಗುಮಾಸ್ತೆಯಾಗಿದ್ದಷ್ಟು ಕಾಲ ಊರಿನಲ್ಲೇ ಇರಬಹುದು. ಆಫೀಸರಾದರೆ ವರ್ಗ ಎಲ್ಲಿಗೂ ಆಗಬಹುದು. ಗಂಡನಿಗೆ ವರ್ಗವಾದಾಗ ಹೆಂಡತಿ ಮಕ್ಕಳೊಂದಿಗೆ ಹೊರಡುವುದು ಸಹಜ ಎನಿಸಿದ ಸಮಾಜಕ್ಕೆ ಹೆಂಡತಿಗೆ ವರ್ಗವಾದಾಗ ಗಂಡ ಹೊರಡುವುದು ತಮಾಷೆಯಾಗಿ ಕಂಡಿತು. ಹಾಗಾಗಿ ಬಡ್ತಿಯೇ ಬೇಡವೆಂದು ಬರೆದುಕೊಟ್ಟು ಮೂವತ್ತು ವರ್ಷ ಒಂದೇ ಕೌಂಟರಿನಲ್ಲಿ ನಿವೃತ್ತಿ ಕಂಡ ಬುದ್ಧಿವಂತೆಯರು ಪ್ರತಿ ಶಾಖೆಯಲ್ಲೂ ಇದ್ದರು. ಮಹತ್ವಾಕಾಂಕ್ಷೆಯ ಕೊರತೆ ಎಂದು ಅದನ್ನು ಮೇಲಧಿಕಾರಿಗಳು ಬರೆದುಕೊಂಡಿರಬಹುದು. ಮಹಿಳೆಯರನ್ನು ಗಂಡನೋ ಹೆತ್ತವರೋ ಇರುವ ಊರಿನ ಸಮೀಪ ನೇಮಿಸುವಂತೆ 2014ರಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಸರ್ಕಾರಿ ಬ್ಯಾಂಕುಗಳಿಗೆ ಸೂಚಿಸಿತು. ಆದರೆ 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದೊಳಗೆ, ಮರುವರ್ಷ ಅದೇ ದಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನೊಳಗೆ ಸೇರಿಹೋದವು. ಮಂಗಳೂರಿನಲ್ಲಿದ್ದ ಕಾರ್ಪೊರೇಷನ್ ಬ್ಯಾಂಕಿನ ಪ್ರಧಾನ ಕಚೇರಿ ಹೋಯಿತು. ಊರಲ್ಲೇ ಉಳಿಯುವ ಅವಕಾಶವೂ ಅದರೊಂದಿಗೆ ತೆಳುವಾಯಿತು.

ಮದುವೆಯ ಮಾತುಕತೆಯಲ್ಲಿ ಈಗ ಕೆಲಸದ ಹುಡುಗಿಯೇ ಬೇಕೆನ್ನುವ ಮನೆಗಳು ಹೆಚ್ಚಿವೆ. ಮನೆ ಸಾಲದ ಕಂತಿಗೆ, ಮಕ್ಕಳ ಶಾಲೆಯ ಫೀಸಿಗೆ ಎರಡು ಸಂಬಳ ಇಲ್ಲದೆ ಆಗುವುದಿಲ್ಲ ಎಂಬುದು ಎಲ್ಲರಿಗೂ ತಿಳಿದಿದೆ. ಷರತ್ತುಗಳು ಹಿಂದಿನಿಂದ ಬರುತ್ತವೆ: ರಾತ್ರಿ ಪಾಳಿ ಇರಬಾರದು, ವರ್ಗ ಇರಬಾರದು, ಹಬ್ಬಕ್ಕೆ ರಜೆ ಸಿಗಬೇಕು. ಟೀಚರ್ ಕೆಲಸ ಹೆಣ್ಣುಮಕ್ಕಳಿಗೆ ಹೇಳಿ ಮಾಡಿಸಿದ್ದು ಎನ್ನುವುದು ಇದಕ್ಕೇ; ಶಾಲೆ ಬಿಟ್ಟ ಮೇಲೆ ಮನೆಗೆ ಬಂದು ಎರಡನೆಯ ಪಾಳಿ ಹಿಡಿಯಬಹುದು. ಸಂಬಳ ಯಾರ ಖಾತೆಗೆ ಬೀಳುತ್ತದೆ ಎನ್ನುವುದಕ್ಕಿಂತ ಎಟಿಎಂ ಕಾರ್ಡು ಯಾರ ಪರ್ಸಿನಲ್ಲಿರುತ್ತದೆ ಎನ್ನುವುದು ಮುಖ್ಯ ಪ್ರಶ್ನೆ. ತನ್ನ ಸಂಬಳದಿಂದ ತಾಯಿಮನೆಗೆ ಕಳಿಸಬಹುದೇ ಎಂಬುದು ಅದಕ್ಕಿಂತ ಸೂಕ್ಷ್ಮದ್ದು. ಅನೇಕ ದಂಪತಿಗಳ ಮೊದಲ ಜಗಳ ಇಲ್ಲೇ ಹುಟ್ಟುತ್ತದೆ.

ಗಂಡ ಊರಲ್ಲೇ ಇಲ್ಲದ ಮನೆಗಳು ಕರಾವಳಿಯಲ್ಲಿ ಬೇಕಾದಷ್ಟಿವೆ. ಒಂದು ತಲೆಮಾರಿಗೆ ಬೊಂಬಾಯಿ, ಮುಂದಿನದಕ್ಕೆ ದುಬೈ, ಸೌದಿ, ಈಗ ಬೆಂಗಳೂರು. ಗಲ್ಫ್‌ನ ದುಡ್ಡಿನಲ್ಲಿ ಕಟ್ಟಿದ ಮನೆಯ ಪ್ಲಾನು ಪಾಸು ಮಾಡಿಸಿದವಳು, ಮೇಸ್ತ್ರಿಯೊಂದಿಗೆ ಜಗಳಾಡಿದವಳು, ಅತ್ತೆ–ಮಾವಂದಿರ ಆಸ್ಪತ್ರೆ ಓಡಾಟ ಮಾಡಿದವಳು ಊರಲ್ಲುಳಿದ ಹೆಂಡತಿ. ಅವಳಿಗೆ ನೌಕರಿಯೂ ಇದ್ದರೆ ಒಬ್ಬಳೇ ಎರಡಾಳಿನ ಸಂಸಾರ ನಡೆಸುತ್ತಾಳೆ, ದೊಡ್ಡ ತೀರ್ಮಾನಗಳು ಮಾತ್ರ ವಾಟ್ಸ್ಆ್ಯಪ್ ಕಾಲ್‌ನಲ್ಲಿ ಆಚೆಯಿಂದ ಬರುತ್ತವೆ.

ಈಗ ಅಡುಗೆಮನೆಯ ಒಳಗೆ. ಕರಾವಳಿಯ ಊಟ ಸುಲಭದ ಊಟವಲ್ಲ. ಕುಚ್ಚಲಕ್ಕಿ ಬೇಯಲು ಬೆಳ್ತಿಗೆಗಿಂತ ಎಷ್ಟೋ ಹೆಚ್ಚು ಹೊತ್ತು ಬೇಕು. ಸಾಂಬಾರಿಗೆ, ಮೀನಿಗೆ, ಗಸಿಗೆ ದಿನವೂ ತೆಂಗಿನಕಾಯಿ ತುರಿದು ಮಸಾಲೆ ಕಡೆಯಬೇಕು. ಬೆಳಗ್ಗಿನ ದೋಸೆ, ಪುಂಡಿ, ಇಡ್ಲಿಗೆ ಹಿಂದಿನ ದಿನವೇ ಅಕ್ಕಿ ನೆನೆಹಾಕಬೇಕು. ಮನೆಯಲ್ಲಿ ಪೂರ್ತಿ ದಿನ ಒಬ್ಬರಿದ್ದಾರೆ ಎಂಬ ಲೆಕ್ಕದ ಮೇಲೆ ಬೆಳೆದ ಅಡುಗೆ ಇದು. ಹೊತ್ತು ಸಾಲದ ಹೆಂಗಸರು ಇದಕ್ಕೊಂದೊಂದೇ ದಾರಿ ಹುಡುಕಿದ್ದಾರೆ. ಕಡೆಯುವ ಕಲ್ಲು ಹಿತ್ತಿಲು ಸೇರಿ ಗ್ರೈಂಡರು, ಮಿಕ್ಸಿ ಬಂದವು. ಕುಚ್ಚಲಕ್ಕಿಯನ್ನು ಒಂದು ಕುದಿ ಬರಿಸಿ, ಪಾತ್ರೆಯನ್ನು ಬಿಸಿ ಆರದ ಡಬ್ಬಿಯೊಳಗಿಟ್ಟು ಮುಚ್ಚಿದರೆ ರಾತ್ರಿ ಇಟ್ಟದ್ದು ಬೆಳಗ್ಗೆ ತಾನಾಗಿ ಬೆಂದಿರುತ್ತದೆ. ಉದ್ಯೋಗಸ್ಥೆಯ ಮನೆಯಲ್ಲಿ ಇದಕ್ಕಿಂತ ಉಪಕಾರಿ ಪಾತ್ರೆ ಇನ್ನೊಂದಿಲ್ಲ. ದೋಸೆ ಹಿಟ್ಟು ಪ್ಯಾಕೆಟಿನಲ್ಲಿ ಸಿಗುತ್ತದೆ, ಮೀನನ್ನು ಮಾರ್ಕೆಟಿನಲ್ಲೇ ಕತ್ತರಿಸಿ ಕೊಡುತ್ತಾರೆ, ಕೋಳಿ ಸುಕ್ಕದ ಹುಡಿ ಡಬ್ಬಿಯಲ್ಲಿ ಬರುತ್ತದೆ. ಇದರ ಜೊತೆಗೆ "ಮನೆಯಲ್ಲಿ ಕಡೆದದ್ದರ ರುಚಿ ಇಲ್ಲ" ಎಂಬ ಮಾತೂ ಉಚಿತವಾಗಿ ಬರುತ್ತದೆ, ಅದೂ ಸಾಮಾನ್ಯವಾಗಿ ಕಲ್ಲು ತಿರುವಿ ಅಭ್ಯಾಸವಿಲ್ಲದವರ ಬಾಯಿಂದ.

ಯಂತ್ರಗಳು ಶ್ರಮ ಇಳಿಸಿದವು, ನೆನಪಿಟ್ಟುಕೊಳ್ಳುವ ಕೆಲಸ ಇಳಿಸಲಿಲ್ಲ. ಗ್ಯಾಸ್ ಯಾವಾಗ ಮುಗಿಯುತ್ತದೆ, ಮಾವನ ಬಿಪಿ ಮಾತ್ರೆ ಎಷ್ಟು ಉಳಿದಿದೆ, ಮಗುವಿನ ಪ್ರಾಜೆಕ್ಟಿಗೆ ಚಾರ್ಟ್ ಪೇಪರ್ ನಾಳೆಯೋ ನಾಡಿದ್ದೋ, ಮಳೆಗಾಲದಲ್ಲಿ ಯೂನಿಫಾರ್ಮ್ ಒಣಗದಿದ್ದರೆ ಇಸ್ತ್ರಿಪೆಟ್ಟಿಗೆಯಲ್ಲಿ ಒಣಗಿಸಲು ಎಷ್ಟು ಹೊತ್ತಿಗೆ ಏಳಬೇಕು. ಗಂಡ ಕೈಜೋಡಿಸುವ ಮನೆಗಳು ಹಿಂದಿಗಿಂತ ಹೆಚ್ಚಾಗಿವೆ, ಸಂಶಯವಿಲ್ಲ. ಆದರೆ ಅಲ್ಲಿ ಬಳಕೆಯಾಗುವ ಮಾತು 'ಸಹಾಯ ಮಾಡುತ್ತಾನೆ' ಎಂದು. ಸಹಾಯ ಮಾಡುವವನಿಗೆ ಏನು ಮಾಡಬೇಕೆಂದು ಹೇಳುವ ಕೆಲಸವೂ ಅವಳಿಗೇ.

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಇದನ್ನು ನಿಮಿಷಗಳಲ್ಲಿ ತೋರಿಸಿತು. ದೇಶದಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ; ಅದೇ ಕೆಲಸ ಮಾಡುವ ಗಂಡಸರು 88 ನಿಮಿಷ. ಐದು ವರ್ಷ ಹಿಂದೆ, 2019ರಲ್ಲಿ, ಈ ಲೆಕ್ಕ 299 ಮತ್ತು 97 ಇತ್ತು. ಹೆಂಗಸರಿಗೆ ಹತ್ತು ನಿಮಿಷ ಉಳಿಯಿತು. ಗಂಡಸರ ಪಾಲೂ ಒಂಬತ್ತು ನಿಮಿಷ ಇಳಿಯಿತು. ಇಬ್ಬರದೂ ಇಳಿಯಬೇಕಾದರೆ ಅದು ಹಂಚಿಕೆಯಿಂದ ಆದದ್ದಲ್ಲ. ಇದೇ ಅವಧಿಯ ಆಸುಪಾಸಿನಲ್ಲಿ ದೇಶದ 15 ವರ್ಷ ತುಂಬಿದ ಮಹಿಳೆಯರಲ್ಲಿ ದುಡಿಮೆಯಲ್ಲಿರುವವರ, ಕೆಲಸ ಹುಡುಕುವವರ ಪಾಲು 2017–18ರ ಶೇ 23.3ರಿಂದ 2023–24ರಲ್ಲಿ ಶೇ 41.7ಕ್ಕೆ ಏರಿತ್ತು.

ಹಾಗಾದರೆ ಉದ್ಯೋಗಸ್ಥೆಯ ಮನೆ ನಡೆಯುವುದು ಹೇಗೆ? ಇನ್ನೊಬ್ಬ ಹೆಂಗಸಿನಿಂದ. ಮಗು ಚಿಕ್ಕದಿರುವಾಗ ಅವಳ ತಾಯಿ ಬಂದು ನಿಲ್ಲುತ್ತಾಳೆ, ಇಲ್ಲವೇ ಅತ್ತೆ ನೋಡಿಕೊಳ್ಳುತ್ತಾರೆ. ಹಿಂದಿನ ತಲೆಮಾರು ಬೀಡಿ ಕಟ್ಟಿ, ಟೀಚರಾಗಿ ಬೆಳೆಸಿದ ಮಗಳ ನೌಕರಿ ಅದೇ ತಾಯಿಯ ಅರವತ್ತರ ಮೇಲಿನ ದುಡಿಮೆಯ ಮೇಲೆ ನಿಂತಿದೆ. ತಾಯಿ, ಅತ್ತೆ ಇಬ್ಬರೂ ಇಲ್ಲದಲ್ಲಿ ಮನೆಕೆಲಸದವಳು. ಮಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಪಾತ್ರೆ, ಬಟ್ಟೆ, ನೆಲ ಒರೆಸುವವರಲ್ಲಿ ಬಾಗಲಕೋಟೆ, ಗದಗ, ಕೊಪ್ಪಳಗಳ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದ ಕುಟುಂಬಗಳ ಹೆಂಗಸರು ಅನೇಕರಿದ್ದಾರೆ. ನಾಲ್ಕಾರು ಮನೆ ಮುಗಿಸಿ ಅವಳು ತನ್ನ ಬಾಡಿಗೆ ಕೋಣೆಗೆ ಹೋದಾಗ ಅಲ್ಲಿಯೂ ಒಲೆ ಹಚ್ಚಬೇಕಾದವಳು ಅವಳೇ. ಅವಳ ಮಗುವನ್ನು ಹಗಲು ನೋಡಿಕೊಳ್ಳುವುದು ಅಂಗನವಾಡಿ, ಅದರ ಬಾಗಿಲು ಮುಚ್ಚಿದ ಮೇಲೆ ಹಿರಿಯ ಮಗಳು. ಸರಪಳಿಯ ಈ ತುದಿಯಲ್ಲಿರುವ ಹುಡುಗಿಯ ಓದಿನ ಬಗ್ಗೆ 'ಉದ್ಯೋಗಸ್ಥ ಮಹಿಳೆಯ ಸಮತೋಲನ' ಎಂದು ಭಾಷಣ ಮಾಡುವವರು ಮಾತಾಡುವುದು ಕಡಿಮೆ.

ರಸ್ತೆಯೂ ದಿನದ ಒಂದು ಭಾಗವೇ. ಮೂಡುಬಿದಿರೆ, ಬಿ.ಸಿ. ರೋಡು, ಸುರತ್ಕಲ್, ತಲಪಾಡಿ ಕಡೆಗಳಿಂದ ದಿನವೂ ಸಾವಿರಾರು ಹೆಂಗಸರು ನಗರಕ್ಕೆ ಬರುತ್ತಾರೆ. ಕಾಸರಗೋಡಿನಿಂದ ರೈಲಿನಲ್ಲಿ ಬರುವ ನರ್ಸುಗಳು, ಅಂಗಡಿ ಕೆಲಸದವರು ಬೇರೆ. 2020ರ ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಇವರ ಕೆಲಸವೂ ಊರೂ ಎರಡು ರಾಜ್ಯಗಳಾಗಿಬಿಟ್ಟವು. 2023ರ ಜೂನ್ 11ರಂದು ಬಂದ ಶಕ್ತಿ ಯೋಜನೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರ ಪ್ರಯಾಣವನ್ನು ಉಚಿತ ಮಾಡಿತು. ಬೆಂಗಳೂರು, ಮೈಸೂರುಗಳಲ್ಲಿ ಅದು ಸಂಬಳದಲ್ಲಿ ಏರಿಕೆಯಾದಂತೆಯೇ ಆಯಿತು. ಮಂಗಳೂರಿನಲ್ಲಿ ಸಿಟಿ ಬಸ್ಸು, ಸರ್ವಿಸ್ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವರದು. "ದುಂಬು ಪೋಲೆ" (ಮುಂದೆ ಹೋಗಿ) ಎಂದು ಕಂಡಕ್ಟರ್ ಒಳಕ್ಕೆ ತಳ್ಳುವ ಬಸ್ಸಿನಲ್ಲಿ ಇಲ್ಲಿನ ಅಂಗಡಿ ಹುಡುಗಿ ಇಂದಿಗೂ ಟಿಕೆಟು ಕೊಂಡೇ ಹೋಗುತ್ತಾಳೆ. ಅದೇ ವರ್ಷ ಆಗಸ್ಟಿನಿಂದ ಮನೆಯೊಡತಿಗೆ ತಿಂಗಳಿಗೆ 2000 ರೂಪಾಯಿ ಕೊಡುವ ಗೃಹಲಕ್ಷ್ಮಿ ಬಂತು. ಬಸ್ಸಿನ ಖರ್ಚಿಗೆ ಅದರಲ್ಲೊಂದು ಪಾಲು ಹೋಗುವ ಮನೆಗಳಿವೆ.

ರಾತ್ರಿಯ ಮಾತು ಬಂದರೆ ಊರು ಇನ್ನೂ ಹಿಂಜರಿಯುತ್ತದೆ. ಆಸ್ಪತ್ರೆಯ ಪಾಳಿ ಮೊದಲಿನಿಂದಲೂ ಇತ್ತು, ನರ್ಸಿನ ಸಮವಸ್ತ್ರಕ್ಕೆ ರಾತ್ರಿಯಲ್ಲೂ ಗೌರವ ಸಿಕ್ಕಿತು. 2019ರಲ್ಲಿ ರಾಜ್ಯ ಸರ್ಕಾರ ಕಾರ್ಖಾನೆಗಳಲ್ಲೂ, ಸುರಕ್ಷತೆಯ ಷರತ್ತುಗಳೊಂದಿಗೆ, ಮಹಿಳೆಯರಿಗೆ ರಾತ್ರಿ ಪಾಳಿಗೆ ಅವಕಾಶ ಕೊಟ್ಟಿತು. ಆದರೆ 2009ರ ಜನವರಿ 24ರಂದು ಪಬ್ ಒಂದರೊಳಗೆ ನುಗ್ಗಿ ಯುವತಿಯರನ್ನು ಹೊಡೆದ ಊರು ಎಂಬ ಹೆಸರು ಸುಲಭಕ್ಕೆ ಅಳಿಯುವುದಿಲ್ಲ. ಸಹೋದ್ಯೋಗಿಯ ಬೈಕಿನಲ್ಲಿ ಕೂರುವಾಗಲೂ ಅವನ ಧರ್ಮ ಯಾವುದು, ನೋಡುವವರು ಯಾರು ಎಂದು ಯೋಚಿಸಬೇಕಾದ ಊರಿನಲ್ಲಿ ದುಡಿಯುವ ಹುಡುಗಿಯರ ಮೇಲೆ ಮನೆಯವರದಲ್ಲದೆ ಬೀದಿಯವರ ಕಣ್ಣೂ ಇರುತ್ತದೆ.

ಸಂಬಂಧಿಕರ ಕಾರ್ಯಗಳಿಗೂ ಒಂದು ಲೆಕ್ಕ ಬೇಕು. ಏಪ್ರಿಲ್–ಮೇ ಬಂತೆಂದರೆ ಮದರಂಗಿ, ಮದುವೆ, ಬೀಗರೂಟ, ಕ್ರೈಸ್ತರಲ್ಲಿ ರೋಸ್, ಗೃಹಪ್ರವೇಶ, ತರವಾಡಿನ ನೇಮ, ನಾಗನ ತಂಬಿಲ ಸಾಲುಗಟ್ಟುತ್ತವೆ. ಗಂಡ ಊಟದ ಹೊತ್ತಿಗೆ ಮುಖ ತೋರಿಸಿ ಬಂದರೆ ಸಾಕು. ಹೆಂಡತಿ ಹಿಂದಿನ ದಿನವೇ ಹೋಗಬೇಕು, ಹೋಗದಿದ್ದರೆ "ಕೆಲಸದ ಜಂಭ" ಎನ್ನುತ್ತಾರೆ. ಅವಳ ವರ್ಷದ ಸಾಂದರ್ಭಿಕ ರಜೆಯಲ್ಲಿ ಅವಳ ಜ್ವರಕ್ಕೆ ಉಳಿಯುವ ದಿನಗಳು ಕೆಲವೇ.

ಜನಗಣತಿಯ ಲೆಕ್ಕದಲ್ಲಿ ದಕ್ಷಿಣ ಕನ್ನಡ ಬೀಗಬಹುದಾದ ಜಿಲ್ಲೆ. 2011ರಲ್ಲಿ ಇಲ್ಲಿ ಸಾವಿರ ಗಂಡಸರಿಗೆ 1020 ಹೆಂಗಸರಿದ್ದರು, ಹೆಣ್ಣುಮಕ್ಕಳ ಸಾಕ್ಷರತೆ ಶೇ 84 ದಾಟಿತ್ತು. ಓದಿಸುವ ವಿಷಯದಲ್ಲಿ ಇಲ್ಲಿನ ಮನೆಗಳು ಹಿಂದೆ ಬಿದ್ದಿಲ್ಲ. ಓದಿದವಳು ದುಡಿಯುವ ವಿಷಯದಲ್ಲೂ ಹಿಂದೆ ಬಿದ್ದಿಲ್ಲ. ದುಡಿಯುವವಳ ಮನೆ ಹೇಗಿರಬೇಕು ಎಂಬಲ್ಲಿ ಮಾತ್ರ ಚರ್ಚೆಯೇ ಆಗಿಲ್ಲ, ಕಾನೂನೂ ಅಷ್ಟೇ ಅಂಜಿಕೆಯಿಂದ ನಡೆದಿದೆ.

1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ ಮೊದಲೆರಡು ಮಕ್ಕಳಿಗೆ 26 ವಾರ ಸಂಬಳಸಹಿತ ರಜೆ ಬಂತು. 50 ಅಥವಾ ಹೆಚ್ಚು ಉದ್ಯೋಗಿಗಳಿರುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಬರಬಹುದು ಎಂದೂ ಆ ತಿದ್ದುಪಡಿ ಹೇಳಿತು. ರಜೆಯ ಪೂರ್ತಿ ಖರ್ಚು ಮಾಲೀಕನ ಮೇಲೆ ಬಿದ್ದದ್ದರಿಂದ, ಹೊಸದಾಗಿ ಮದುವೆಯಾದವಳನ್ನು ಸಂದರ್ಶನದಲ್ಲೇ ಕೈಬಿಡುವ ಆಸೆಯೂ ಚಿಕ್ಕ ಕಂಪನಿಗಳಿಗೆ ಹುಟ್ಟಿತು. ನಾಲ್ಕು ಜನರಿರುವ ಬಟ್ಟೆ ಅಂಗಡಿಯಲ್ಲಿ ನಿಂತೇ ದಿನ ಕಳೆಯುವವಳಿಗೆ ಶಿಶುಪಾಲನಾ ಕೇಂದ್ರದ ನಿಯಮ ತಲುಪುವುದೇ ಇಲ್ಲ. ಕರ್ನಾಟಕ ಸರ್ಕಾರ 2021ರಲ್ಲಿ ತನ್ನ ಮಹಿಳಾ ನೌಕರರಿಗೆ ಮಕ್ಕಳ ಆರೈಕೆಗೆಂದು 180 ದಿನಗಳ ರಜೆ ಕೊಟ್ಟಿತು. ಒಳ್ಳೆಯ ಕ್ರಮ, ಮಗುವಿನ ಆರೈಕೆ ತಾಯಿಯ ಕೆಲಸ ಎಂಬ ಷರಾ ಸಮೇತ. ಅಪಘಾತದಲ್ಲಿ ಸತ್ತ ಗೃಹಿಣಿಯ ದುಡಿಮೆಗೂ ಬೆಲೆ ಕಟ್ಟಬೇಕೆಂದು ಸುಪ್ರೀಂ ಕೋರ್ಟ್ 2021ರ ಜನವರಿಯಲ್ಲಿ ಮತ್ತೊಮ್ಮೆ ಹೇಳಿತು, ಪರಿಹಾರದ ಲೆಕ್ಕಕ್ಕಾಗಿ. ಕೇಂದ್ರ ಸರ್ಕಾರಿ ನೌಕರನಾದ ತಂದೆಗೆ 15 ದಿನಗಳ ಪಿತೃತ್ವ ರಜೆ ಇದೆ. ಬೈಕಂಪಾಡಿಯ ಕಾರ್ಖಾನೆಯಲ್ಲೋ ಹಂಪನಕಟ್ಟೆಯ ಅಂಗಡಿಯಲ್ಲೋ ದುಡಿಯುವ ತಂದೆಗೆ ಮಗು ಹುಟ್ಟಿದಾಗ ಒಂದು ದಿನವಾದರೂ ರಜೆ ಕೊಡಬೇಕೆನ್ನುವ ಕಾನೂನು ದೇಶದಲ್ಲಿಲ್ಲ.